ಒಂದು ಹಿಡಿಗೆ ಒಂದು ಗ್ರಹ

ನಮ್ಮವ್ವನ ಕಾಯಿ ತುರಿಯೋ ಮಣೆ ನನ್ನ ತಂಗಿಯ ಮನೆ ಸೇರಿ ಬಹಳ ವರ್ಷವಾಯ್ತು. ದೊಡ್ಡವಳು ನಾನು, ನ್ಯಾಯವಾಗಿ ಅದು ನನಗೆ ಬರಬೇಕಿತ್ತು. ಅವ್ವ ತೀರಿಕೊಂಡ ಮೇಲೆ ಬಂದವರಿಗೆಲ್ಲ ನಾನು ಊಟಕ್ಕೆ ಬಡಿಸುತ್ತಿದ್ದರೆ, ಅವಳು ಮಣೆಯನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಶೆಟ್ಟಿಕೆರೆ ಬಸ್ಸು ಹತ್ತಿದ್ದಳು. ಹಲಸಿನ ಮರದ ಮಣೆ. ಅದರ ಕಬ್ಬಿಣದ ಹಲ್ಲಿಗೆ ಕಾಯಿ ಹೋಳು ಕೊಟ್ಟು ತಿರುಗಿಸಿದರೆ ತುರಿ ಸಣ್ಣ ರವೆಯ ಹಾಗೆ ಉದುರುತ್ತದೆ. ಮಿಕ್ಸಿಯಲ್ಲಿ ಅದು ಬರುವುದಿಲ್ಲ, ಯಾರೇನೇ ಹೇಳಲಿ.

ಫೋನಿನಲ್ಲಿ ಮಳೆ, ಬೆಳೆ, ಕೊಬ್ಬರಿ ರೇಟು ಎಲ್ಲ ಮುಗಿದ ಮೇಲೆ ನಾನು ಮಣೆಯ ಮಾತು ತೆಗೆಯುತ್ತಿದ್ದೆ. ಅವಳು ಒಲೆ ಮೇಲೆ ಹಾಲಿದೆ ಅಂತ ಫೋನ್ ಇಡುತ್ತಿದ್ದಳು. ಅವಳ ಮನೆಯ ಹಾಲು ಅಷ್ಟು ಸಲ ಉಕ್ಕಿದ್ದು ನಿಜವಾಗಿದ್ದರೆ ಶೆಟ್ಟಿಕೆರೆಯ ಕೆರೆ ಹಾಲಿನಲ್ಲೇ ಕೋಡಿ ಬೀಳಬೇಕಿತ್ತು.

ಇಂಥ ಮಣೆ ಕೊನೆಗೆ ಆಕಾಶದಲ್ಲಿ ತೀರ್ಮಾನವಾಯ್ತು.

ನನ್ನ ಮೊಮ್ಮಗಳು ನಮ್ಮ ಮನೆಯಿಂದಲೇ ತಿಪಟೂರಿನ ಕಾಲೇಜಿಗೆ ಹೋಗುವವಳು. ಭಾನುವಾರ ಬಂತೆಂದರೆ ಲ್ಯಾಪ್‌ಟಾಪ್ ತೆಗೆದು ಒಂದು ಆಟಕ್ಕೆ ಕೂರುತ್ತಾಳೆ. ಒಂದು ಗ್ರಹದಿಂದ ಶುರು ಮಾಡಿ, ಹಡಗು ಕಳಿಸಿ, ಬೇರೆ ಗ್ರಹಗಳನ್ನು ಹಿಡಿಯಬೇಕು. ಅವಳ ಎದುರಾಳಿ ಶೆಟ್ಟಿಕೆರೆಯಲ್ಲಿ ಕೂತ ನನ್ನ ತಂಗಿಯ ಸೊಸೆ. ಆ ಹುಡುಗಿ ಚಿಕ್ಕನಾಯಕನಹಳ್ಳಿಯಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಾಳೆ. ಮಣೆಯ ಜಗಳ ಕೇಳಿ ಕೇಳಿ ಸಾಕಾಗಿ ಇವರಿಬ್ಬರೇ ಒಂದು ಉಪಾಯ ಮಾಡಿದರು. ಒಂದು ಆಟ ನಾವು ಅಕ್ಕತಂಗಿಯರು ಆಡಬೇಕು. ಬಾಯಿ ನಮ್ಮದು, ಬೆರಳು ಅವರದು. ಗೆದ್ದವರಿಗೆ ಮಣೆ. ತಂಗಿ ತಕ್ಷಣ ಒಪ್ಪಿದಳು. ಚೌಕಾಬಾರದಲ್ಲಿ ಅವಳು ಒಂದು ದಿನವೂ ಸೋತವಳಲ್ಲ, ಕವಡೆ ಬಿದ್ದ ಮೇಲೆ ಸೆರಗಲ್ಲಿ ತಿರುಗಿಸುತ್ತಿದ್ದಳು.

ನಿಯಮ ಸುಲಭ. ಮುನ್ನೂರು ವರ್ಷಕ್ಕೆ ಆಟ ನಿಲ್ಲುತ್ತದೆ. ಆಗ ಯಾರ ಹತ್ತಿರ ಗ್ರಹ ಜಾಸ್ತಿಯೋ ಅವರು ಗೆದ್ದಂತೆ. ಮುನ್ನೂರು ವರ್ಷ ಅಂದರೆ ಹೆದರಬೇಕಾಗಿಲ್ಲ. ತಿಂಡಿ ತಿಂದು ಕೂತರೆ ಮಧ್ಯಾಹ್ನದ ಮುದ್ದೆಗೆ ಏಳಬಹುದು.

ಅದಕ್ಕೆ ಮುಂಚೆ ಸ್ವಲ್ಪ ದಿನ ಮೊಮ್ಮಗಳು ನನಗೆ ಆಟ ಕಲಿಸಿದಳು. ಕಲಿಸುವುದಕ್ಕಿಂತ ನಾನು ಬೈದದ್ದೇ ಹೆಚ್ಚು. ನಾನು ಅಲ್ಲಿ ರಾಣಿ. ನನ್ನ ಮಂತ್ರಿಗಳು ಮುದುಕರಾಗಿ ಸಾಯುತ್ತಾರೆ, ಅವರ ಜಾಗಕ್ಕೆ ಬಂದವರೂ ಸಾಯುತ್ತಾರೆ. ನನಗೆ ಮಾತ್ರ ಮುನ್ನೂರು ವರ್ಷವಾದರೂ ಒಂದು ನರೆಕೂದಲಿಲ್ಲ. ಯುದ್ಧದ ಹಡಗು ಕಣ್ಣು ಮುಚ್ಚಿ ಬಿಡುವುದರಲ್ಲಿ ತಯಾರು, ಕಣಜ ಕಟ್ಟುವುದಕ್ಕೆ ಮಾತ್ರ ಇಪ್ಪತ್ತು ವರ್ಷ. ನಮ್ಮ ಅಟ್ಟದ ಮೇಲಿನ ಕಾಯಿಯೇ ವರ್ಷದೊಳಗೆ ಕೊಬ್ಬರಿಯಾಗುತ್ತದೆ, ಇವರ ಕಣಜಕ್ಕೇನು ಬಂದಿದೆ ರೋಗ. ಒಂದು ಗ್ರಹದಲ್ಲಿ ಜನ ಹಸಿದು ದಂಗೆ ಎದ್ದಿದ್ದಾರೆ, ಪಕ್ಕದ್ದರಲ್ಲಿ ಕಾಳು ಕೊಳೆಯುತ್ತಿದೆ. ಅದೂ ನನ್ನದೇ, ಇದೂ ನನ್ನದೇ. ತಗೊಂಡು ಹೋಗಿ ಸುರಿಯೇ ಅಂದರೆ, ನಡುವೆ ದಾರಿ ಎಳೆಯುವ ವಿದ್ಯೆ ಇನ್ನೂ ಕಲಿತಿಲ್ಲ ಅಂದಳು. ಬೆಳಕಿಗಿಂತ ಜೋರಾಗಿ ಓಡೋ ಹಡಗಿದೆ, ರಾಗಿ ಮೂಟೆ ಹಾಕೋಕೆ ವಿದ್ಯೆ ಇಲ್ಲ.

ಎಲ್ಲಕ್ಕಿಂತ ನಗು ಬಂದದ್ದು ಗಡಿ ನೋಡಿ. ಆಕಾಶದಲ್ಲಿ ಬದುವೂ ಇಲ್ಲ, ಬೇಲಿಯೂ ಇಲ್ಲ. ಆದರೂ ಪರದೆ ಮೇಲೆ ಒಂದು ಬಣ್ಣದ ಗೆರೆ, ಅದರ ಹತ್ತಿರ ಬಂದ ಹಡಗು ಬ್ರೇಕ್ ಹಾಕಿದ ಹಾಗೆ ನಿಲ್ಲುತ್ತದೆ. ರಾಜಿಯಾಯಿತೋ, ನಮ್ಮ ಜಾಗದಲ್ಲಿದ್ದ ಶತ್ರುವಿನ ಹಡಗೆಲ್ಲ ಒಂದೇ ಕ್ಷಣದಲ್ಲಿ ಮಾಯವಾಗಿ ಅವರ ಊರಲ್ಲಿರುತ್ತದೆ. ಬರುವಾಗ ಹತ್ತು ವರ್ಷ ಹಿಡಿದ ದಾರಿ ಹೋಗುವಾಗ ಇಲ್ಲವೇ ಇಲ್ಲ. ನಮ್ಮಪ್ಪ ಬೋರನಕಣಿವೆ ಕಡೆ ಕುರಿ ಮೇಯಿಸುತ್ತಿದ್ದ. ಹಿಂಗೊಂದು ಗೆರೆ ಸಿಕ್ಕಿದ್ದರೆ ಕುರಿ ತರುಬೋ ಕೆಲಸವೇ ಇರುತ್ತಿರಲಿಲ್ಲ, ಅಪ್ಪ ಮರದಡಿ ಮಲಗಿರುತ್ತಿದ್ದ.

"ಅಜ್ಜಿ, ಆಟ ಕಣಜ್ಜಿ. ಲೆಕ್ಕ ಕೇಳಬಾರದು," ಅಂದಳು ಮೊಮ್ಮಗಳು.

ಆ ಭಾನುವಾರ ಎರಡೂ ಮನೆಯಲ್ಲಿ ಫೋನ್ ಸ್ಪೀಕರಿಗೆ ಹಾಕಿ ಕೂತೆವು. ನನ್ನ ಮೊದಲ ಗ್ರಹಕ್ಕೆ ಹಟ್ಟಿ ಅಂತ ಹೆಸರಿಟ್ಟೆ. ಮೊಮ್ಮಗಳು ಹಡಗು ಕಟ್ಟೋಣ ಅಂದರೆ ನಾನು ಕಣಜ ಅಂದೆ. ಅವಳು ಫಿರಂಗಿ ಅಂದರೆ ನಾನು ಇನ್ನೊಂದು ಕಣಜ ಅಂದೆ. ಕಾಳಿದ್ದ ಮನೆಗೆ ಯಾರೂ ಕೈ ಹಾಕಲಾರರು ಅಂತ ನನ್ನ ಎಣಿಕೆ. ಆ ಆಟದಲ್ಲಿ ಅದು ಸುಳ್ಳು. ಆ ಕಡೆ ತಂಗಿ ಒಂದೂ ಕಣಜ ಕಟ್ಟಲಿಲ್ಲ, ಅವಳ ಜನ ಏನು ತಿಂದು ಬದುಕಿದ್ದರೋ ದೇವರಿಗೇ ಗೊತ್ತು. ಬರೀ ಹಡಗು ಮಾಡಿದಳು. ಯಾವತ್ತೂ ಒಂದು ಮಾತು ಕೂಡದ ಅತ್ತೆ ಸೊಸೆ ಅವತ್ತು ಒಂದೇ ಬಾಯಿ. ಎಡಕ್ಕೆ ಅಂದರೆ ಎಡಕ್ಕೆ, ಹೊಡಿ ಅಂದರೆ ಹೊಡಿ.

ಮುನ್ನೂರು ವರ್ಷಕ್ಕೆ ಇನ್ನು ಸ್ವಲ್ಪವೇ ಉಳಿದಿದೆ ಅನ್ನುವಾಗ ಅವಳಿಗೂ ಏಳು ಗ್ರಹ, ನನಗೂ ಏಳು. ಆದರೆ ಅವಳ ಹಡಗುಗಳು ಗುಂಪುಗುಂಪಾಗಿ ನನ್ನ ಹಟ್ಟಿಯ ಮೇಲೆ ಬಂದು ನಿಂತಿದ್ದವು. ನನ್ನ ಹತ್ತಿರ ಇದ್ದದ್ದು ಎರಡು, ಅದರಲ್ಲೊಂದು ಕೆಟ್ಟಿತ್ತು.

"ಅಕ್ಕ, ನಿನ್ನ ಹಟ್ಟಿ ಬಾಗಿಲಲ್ಲಿ ನಿಂತಿದೀನಿ ಕಣಕ್ಕ," ಅಂತು ಫೋನು. "ಕಾಫಿಗೆ ಇಟ್ಟಿದೀಯೋ, ಇಲ್ವೋ?"

ಮೊಮ್ಮಗಳು ಕೈ ಚೆಲ್ಲಿದಳು. ನಮ್ಮ ಹತ್ತಿರ ಏನಿದೆ ಅಂತ ಕೇಳಿದೆ. ಕಾಳು ಬಿಟ್ಟರೆ ಇನ್ನೇನೂ ಇಲ್ಲ ಅಂದಳು. ಕಾಳು ಅವಳಿಗೆ ಕಳಿಸಬಹುದಾ ಅಂದೆ. ಉಡುಗೊರೆ ಅಂತ ಕಳಿಸಬಹುದು, ಅದಕ್ಕೆ ದಾರಿ ಬೇಡ, ಜೊತೆಗೆ ರಾಜಿಯ ಷರತ್ತೂ ಹಾಕಬಹುದು, ಆದರೆ ಗೆಲ್ಲುತ್ತಿರೋರು ಯಾಕೆ ತಗೊಳ್ತಾರೆ ಅಜ್ಜಿ ಅಂದಳು.

ಕಳಿಸು ಅಂದೆ. ಫೋನಿನ ಹತ್ತಿರ ಬಾಯಿಟ್ಟು ಹೇಳಿದೆ: "ಮಡಿಲಕ್ಕಿ ಕಳಿಸ್ತಿದೀನಿ ಕಣೇ. ತವರಿನದು. ಒಪ್ಪಿಸ್ಕೊ."

ನಮಗೆ ಅಣ್ಣತಮ್ಮಂದಿರಿಲ್ಲ. ಅವಳಿಗೆ ತವರು ಅಂದರೆ ನಾನೇ. ಅವಳು ನಮ್ಮ ಮನೆಗೆ ಬಂದು ಹೊರಟಾಗೆಲ್ಲ ಅಕ್ಕಿ, ಕಾಯಿ, ಬೆಲ್ಲ ಹಾಕಿ ಮಡಿಲು ತುಂಬುವವಳು ನಾನೇ. ಮಣೆಯ ಜಗಳ ಎಷ್ಟೇ ಇರಲಿ, ಸೆರಗೊಡ್ಡದೆ ಹೋದವಳಲ್ಲ.

ಆ ಕಡೆ ಗಲಾಟೆ ಶುರುವಾಯ್ತು. "ಅತ್ತೆ, ಬೇಡ. ಅದರೊಳಗೆ ರಾಜಿ ಇದೆ, ನಮ್ಮ ಹಡಗೆಲ್ಲ ವಾಪಸ್ ಹೋಗುತ್ತೆ," ಅಂದಳು ಸೊಸೆ.

"ಮಡಿಲಕ್ಕಿ ಬೇಡ ಅನ್ನೋಕೆ ನಾನೇನು ತಬ್ಬಲಿನಾ? ಒತ್ತು."

ಸೊಸೆ ಒತ್ತಿದಳು. ಹಟ್ಟಿಯ ಮೇಲೆ ಕವಿದಿದ್ದ ಹಡಗುಗಳು ಒಂದೇ ಕ್ಷಣಕ್ಕೆ ಮಾಯ. ಮೊಮ್ಮಗಳು ನನ್ನ ಕೆನ್ನೆಗೆ ಮುತ್ತು ಕೊಟ್ಟಳು, ಸಮ ಆದರೂ ಸಾಕು ಅಂದಳು. ಸಮ ಆದರೆ ಮಣೆ ಇದ್ದಲ್ಲೇ ಇರುತ್ತಲ್ಲ, ನನಗೆ ಸಾಕಾಗಲಿಲ್ಲ. ಆದರೆ ಮಾಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

ಉಳಿದದ್ದನ್ನು ತಂಗಿಯೇ ಮಾಡಿದಳು. ಮಡಿಲು ತುಂಬಿಸಿಕೊಂಡ ಹೆಣ್ಣು ಹೊಸಿಲು ದಾಟುವ ಮುಂಚೆ ಅದರಲ್ಲಿ ಒಂದು ಹಿಡಿ ವಾಪಸ್ ಹಾಕಬೇಕು, ತವರು ಬರಿದಾಗಬಾರದು ಅಂತ. ನನಗೆ ಆ ಗಳಿಗೆಯಲ್ಲಿ ಅದು ನೆನಪೇ ಇರಲಿಲ್ಲ. ಅವಳಿಗಿತ್ತು. ಅಕ್ಕನಿಗೆ ಒಂದು ಹಿಡಿ ವಾಪಸ್ ಹಾಕು ಅಂದಳು ಸೊಸೆಗೆ.

ಆಗುವುದಿಲ್ಲವಂತೆ. ಒಂದು ಸಲ ಕಾಳಿನ ವ್ಯವಹಾರವಾದ ಮೇಲೆ ಅದೇ ಇಬ್ಬರ ನಡುವೆ ಹತ್ತು ವರ್ಷ ಕಾಳು ಕೊಡುವ ಹಾಗಿಲ್ಲ. ಮತ್ತೆ ಏನು ಕೊಡಬಹುದು ಅಂತ ತಂಗಿ ಕೇಳಿದಳು. ಆಟ ಮುಗೀಲಿ ಅತ್ತೆ, ಅಂದಳು ಸೊಸೆ. ತಂಗಿ ಮತ್ತೆ ಕೇಳಿದಳು. ಗ್ರಹ ಕೊಡಬಹುದು ಅತ್ತೆ, ಅಂದಳು ಸೊಸೆ ಸಣ್ಣ ದನಿಯಲ್ಲಿ.

ಹಿಡಿ ಕಾಳು ಕೊಡಲು ಕಾಯಿದೆ ಇಲ್ಲ, ಗ್ರಹವನ್ನು ವೀಳ್ಯದೆಲೆ ಹಾಗೆ ಕೈಗಿಡಬಹುದು. ಅಲ್ಲಿರುವ ಜನರನ್ನು ಒಂದು ಮಾತು ಕೇಳುವುದೂ ಬೇಡ. ತಂಗಿ ದಡ್ಡಿಯಲ್ಲ. ಇರುವುದರಲ್ಲಿ ಚಿಕ್ಕದು, ಬರೀ ಕಲ್ಲು, ನರಪಿಳ್ಳೆ ಇಲ್ಲದ್ದು ಯಾವುದು ಅಂತ ನೋಡಿಸಿ, ಅದನ್ನೇ ಕೊಡಿಸಿದಳು. ನಮ್ಮ ಹಾಸುಬಂಡೆಗಿಂತ ಕಡೆ, ಇಟ್ಕೋ ಅಕ್ಕ ಅಂದಳು.

ಆಟಕ್ಕೆ ಅದೆಲ್ಲ ಎಲ್ಲಿ ಗೊತ್ತು. ಕೋಟಿ ಜನರಿದ್ದದ್ದೂ ಒಂದು ಗ್ರಹ, ಬರೀ ಬಂಡೆಯೂ ಒಂದು ಗ್ರಹ. ಮುನ್ನೂರು ವರ್ಷ ಮುಗಿದಾಗ ನನಗೆ ಎಂಟು, ಅವಳಿಗೆ ಆರು. ಪರದೆ ತುಂಬ ಬಾಣಬಿರುಸು, ನಡುವೆ ಒಂದೂ ನರೆಯಿಲ್ಲದ ನಾನು. ಫೋನಿನಲ್ಲಿ ಅತ್ತೆ ಸೊಸೆ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದು ಕೇಳಿಸಿತು.

ತಂಗಿ ಮಾತಿಗೆ ತಪ್ಪುವವಳಲ್ಲ. ಅದೇ ವಾರ ಬಸ್ಸಿಳಿದು ಬಂದಳು, ಕಂಕುಳಲ್ಲಿ ಮಣೆ. ಒಬ್ಬಟ್ಟು ಮಾಡೋಣ ಅಂತ ನಾನು ಕಾಯಿ ಒಡೆದು ಮಣೆ ಹಾಕಿಕೊಂಡೆ. ಕೂರಲು ಹೋದೆ. ಅರ್ಧಕ್ಕೆ ಬಗ್ಗಿದವಳಿಗೆ ಮಂಡಿ ಕೆಳಗೂ ಬಿಡಲಿಲ್ಲ, ಮೇಲಕ್ಕೂ ಬಿಡಲಿಲ್ಲ. ಮೊಮ್ಮಗಳು ರಟ್ಟೆ ಹಿಡಿದು ಎಬ್ಬಿಸಿದಳು. ಇಷ್ಟು ವರ್ಷ ಕೇಳಿದವಳು, ಅದರ ಮೇಲೆ ಕೂರಬೇಕು ಅನ್ನುವುದನ್ನು ಒಂದು ದಿನವೂ ಯೋಚಿಸಿರಲಿಲ್ಲ. ನೀನೇ ತುರಿಯೇ ಅಂತ ತಂಗಿಗೆ ಹೇಳಿದೆ.

ಅವಳು ಗೋಡೆ ನೋಡಿದಳು. "ನನಗೂ ಕೂರೋಕಾಗಲ್ಲ ಕಣಕ್ಕ. ಎರಡು ವರ್ಷದಿಂದ ಅಟ್ಟದ ಮೇಲಿತ್ತು ಅದು."

"ಮತ್ತೆ ಕೊಡೋಕೇನಾಗಿತ್ತೇ ನಿನಗೆ?"

"ನೀನು ಕೇಳ್ತಿದ್ದೆಯಲ್ಲ, ಅದಕ್ಕೆ."

ಮೊಮ್ಮಗಳು ನಕ್ಕು ನಕ್ಕು ಬಾಗಿಲಿಗೆ ಒರಗಿದಳು. ಆಟ ಮಾಡಿದವರಿಗೆ ತಲೆಯಿಲ್ಲ ಅಂತ ಬೈದವಳು ನೀನೇ ತಾನೇ ಅಜ್ಜಿ ಅಂದಳು. ಅವಳನ್ನೇ ಮಣೆ ಮೇಲೆ ಕೂರಿಸಿದೆವು. ನಾವಿಬ್ಬರೂ ಎದುರಿಗೆ ಕುರ್ಚಿ ಹಾಕಿಕೊಂಡು, ಚಿಪ್ಪಿನ ಕರಿ ಬರೋ ಹಂಗೆ ತುರೀಬೇಡ, ಹೋಳು ಮೆಲ್ಲಗೆ ತಿರುಗಿಸು ಅಂತ ಒಂದೇ ಬಾಯಲ್ಲಿ ಹೇಳುತ್ತಾ ಕೂತೆವು. ತುರಿ ಅವ್ವ ತುರಿದಷ್ಟು ಸಣ್ಣಗೆ ಬರಲಿಲ್ಲ. ಒಬ್ಬಟ್ಟು ಚೆನ್ನಾಗಿತ್ತು. ಮಣೆ ಈಗ ನಮ್ಮ ಅಟ್ಟದ ಮೇಲಿದೆ.