ನೀರಿಲ್ಲದ ಮೋರಿ

ಕೊಟ್ಟೂರಿನಲ್ಲಿ ನಾನೀಗ ಇರುವ ಮನೆ ಮುಂದಿನ ರಸ್ತೆಗೆ ನಿನ್ನೆ ಡಾಂಬರು ಹಾಕಿದರು. ಕಾದ ಡಾಂಬರಿನ ವಾಸನೆಗೆ ನಿಮಗೆ ಏನೇನು ನೆನಪಾಗುತ್ತದೋ ನಾನರಿಯೆ. ನನಗೆ ಮಾತ್ರ ಶಾಂತಕ್ಕ ನೆನಪಾಗುತ್ತಾಳೆ: ಹಳದಿ ಹೆಲ್ಮೆಟ್ಟು, ಕಂಕುಳಲ್ಲಿ ಸುತ್ತಿದ ನಕ್ಷೆ, ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳದ ಆ ಮುಖ.

ನನ್ನ ಒಡಹುಟ್ಟಿದ ಅಕ್ಕ, ನನಗಿಂತ ಆರು ವರ್ಷ ದೊಡ್ಡವಳು. ಸಿವಿಲ್ ಡಿಪ್ಲೊಮಾ ಮುಗಿಸಿದ, ನಮ್ಮ ಕೇರಿಯ ಮೊದಲ ಹುಡುಗಿ. ಹೊಸಪೇಟೆಯಿಂದ ಕೂಡ್ಲಿಗಿ ಹಾದು ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯನ್ನು ಅಗಲ ಮಾಡುವಾಗ ಗುತ್ತಿಗೆದಾರರ ಕಡೆ ಕೆಲಸಕ್ಕೆ ಸೇರಿದಳು. ಅವಳ ಪಾಲಿಗೆ ಬಂದದ್ದು ನಮ್ಮೂರಿನ ಮುಂದಿನ ತುಂಡೇ. ನಾನಾಗ ಹೊಸದಾಗಿ ಮೇಷ್ಟ್ರಾಗಿದ್ದೆ. ಮಕ್ಕಳಿಗೆ ಸತ್ಯದ ಪಾಠ ಹೇಳಿ ಹೇಳಿ ಸ್ವಲ್ಪ ಬಿಗಿದುಕೊಂಡೂ ಇದ್ದೆ.

ನಮ್ಮ ಕೇರಿ ರಸ್ತೆಯ ಈ ಕಡೆ, ಶಾಲೆ ಆ ಕಡೆ. ಅವ್ವ ಆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಹಳೆಯ ರಸ್ತೆಯನ್ನು ಸೆರಗು ಸಿಕ್ಕಿಸಿಕೊಂಡು ಹತ್ತು ಹೆಜ್ಜೆಗೆ ದಾಟುತ್ತಿದ್ದಳು. ಹೊಸದಕ್ಕೆ ಆಳೆತ್ತರ ಮೀರಿದ ಮಣ್ಣಿನ ಏರಿ, ಅದರ ಮೇಲೆ ನಾಲ್ಕು ಸಾಲು, ನಡುವೆ ಡಿವೈಡರ್. ದಾಟಲು ಅಂಡರ್‌ಪಾಸ್ ಇತ್ತು ನಿಜ, ಆದರೆ ಸರ್ವಿಸ್ ರಸ್ತೆ ಹಿಡಿದು ಒಂದೂವರೆ ಕಿಲೋಮೀಟರ್ ನಡೆಯಬೇಕು. ಏರಿ ಇನ್ನೂ ಅರ್ಧ ಎದ್ದಿದ್ದಾಗಲೇ ಅವ್ವ ಅದನ್ನು ಹತ್ತಿ ಇಳಿಯುವಾಗ ಜಾರಿ, ಮಣ್ಣು ತಂದ ಟಿಪ್ಪರಿನ ಮುಂದೆ ಬಿದ್ದಳು. ಗಾಡಿ ಎರಡು ಗೇಣು ಈಚೆಗೆ ನಿಂತಿತು.

ನಕ್ಷೆಯ ಪ್ರಕಾರ ನಮ್ಮ ಕೇರಿಯ ಮುಂದೆ ಮಳೆನೀರಿಗೆಂದು ಏರಿಯಡಿ ಎರಡು ಪೈಪು ಬರಬೇಕಿತ್ತು. ಅವ್ವ ಬಿದ್ದ ಮರುದಿನ ಅಕ್ಕ ತನ್ನ ಮೇಲಿನ ಸಾಹೇಬರನ್ನು ಕರೆತಂದು, ಕೇರಿಗೆಲ್ಲ ಹಿರಿಯಳಾದ ದುರುಗಮ್ಮಜ್ಜಿಯ ಮುಂದೆ ನಿಲ್ಲಿಸಿ, ತಾನೇ ಕೇಳಿದಳು.

“ಇಲ್ಲಿ ನೀರು ಹರೀತಿದ್ವೇನಬೇ ಅಜ್ಜಿ?”

“ಹರೀತಿದ್ವಾ ಅಂದ್ರ? ಸೊಂಟಮಟ ಬರ್ತಿದ್ವು! ಕುರಿ ತೇಲಿ ಹೋಗ್ಯಾವು.”

ಸಾಹೇಬರು ಗಾಬರಿಯಾದರು. ಪೈಪು ಹೋಗಿ, ಏಳಡಿ ಎತ್ತರದ ಕಾಂಕ್ರೀಟಿನ ಮೋರಿ ಬಂತು. ಕಾಗದದಲ್ಲಿ ಅದು ನೀರಿಗೆ. ಮೊದಲ ದಿನದಿಂದಲೇ ಅದರಲ್ಲಿ ಹರಿದದ್ದು ಶಾಲೆಯ ಮಕ್ಕಳು, ಕುರಿ, ಬುಟ್ಟಿ ಹೊತ್ತ ಹೆಂಗಸರು, ನಮ್ಮವ್ವ.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ.

“ಅಷ್ಟು ನೀರು ಯಾವ ವರ್ಷ ಬಂದಿದ್ವು ಅಜ್ಜಿ?” ಎಂದು ದುರುಗಮ್ಮಜ್ಜಿಯನ್ನು ಕೇಳಿದೆ.

“ಯಾವ ವರ್ಷಂತ ಹೇಳ್ಲಪ್ಪ? ನಿಮ್ಮಕ್ಕ ಕಣ್ಣಾಗ ಕಣ್ಣಿಟ್ಟು ಕೇಳಿದ್ಲು. ನನಗೂ ಬಂದಂಗ ಅನಿಸ್ತು.”

ಅಕ್ಕನ ಹತ್ತಿರ ಹೋದೆ. “ಮುದುಕಿ ಕೈಲಿ ಸುಳ್ಳು ಹೇಳಿಸಿದಿ ಹೌದಲ್ಲ?”

“ನಾ ಕೇಳಿದೆ, ಅಕಿ ಹೇಳಿದ್ಲು.”

“ಅವ್ವನ ಸಲುವಾಗಿ ಮಾಡಿದಿ.”

“ಅವ್ವ ಒಬ್ಬಾಕಿನ ದಾಟ್ತಾಳೇನಲೇ?” ಎಂದವಳೇ ನಕ್ಷೆ ಸುತ್ತಿಕೊಂಡು ಎದ್ದಳು. ಆಮೇಲೆ ಎರಡು ವರ್ಷ ನಮ್ಮ ನಡುವೆ ಹಬ್ಬಕ್ಕೊಂದು ಮಾತು.

ನೀವಾದರೂ ಹೇಳಿ, ಯಾರದು ಸರಿ? ನನಗೆ ಇವತ್ತಿಗೂ ಬಗೆಹರಿದಿಲ್ಲ. ಸುಳ್ಳೆಂದರೆ, ಅದರ ನೆರಳಿನಲ್ಲಿ ನಮ್ಮವ್ವ ಉಸಿರಾಡುತ್ತಿದ್ದಾಳೆ. ನಿಜವೆಂದರೆ, ಅಲ್ಲಿ ಒಂದು ಹನಿ ಹರಿದದ್ದು ಕಂಡವರಿಲ್ಲ. ಈ ಗೊಂದಲದಲ್ಲಿ ನಾನು ಮಾಡಿದ್ದೇನು ಗೊತ್ತೇ? ಆ ಮೋರಿಯೊಳಗೆ ಕಾಲಿಡದೆ, ಬಿಸಿಲಲ್ಲಿ ಅಂಡರ್‌ಪಾಸಿನವರೆಗೆ ಸುತ್ತಿ ಬರುವುದು. ಊರಿನವರು ಮೇಷ್ಟ್ರು ವಾಕಿಂಗ್ ಮಾಡುತ್ತಾರೆಂದು ತಿಳಿದರು. ನಗಬೇಡಿ.

ಇವತ್ತು ಬೆಳಿಗ್ಗೆ ಊರಿಗೆ ಹೋದೆ. ಮುಂಜಾನೆ ಜೋರು ಮಳೆಯಾಗಿತ್ತು. ಶಾಲೆಯ ಬಳಿ ಬಸ್ಸಿಳಿದೆ. ಮೋರಿಯ ಆ ಬಾಯಲ್ಲಿ ಅವ್ವ ನಿಂತು, “ಬಾರೋ, ಎಷ್ಟೊತ್ತು ನಿಲ್ಲಲಿ?” ಎಂದು ಕೂಗಿದಳು. ಅವಳನ್ನು ಕಾಯಿಸಿ ಸುತ್ತಲು ಮನಸ್ಸಾಗಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಒಳಗಿಳಿದೆ. ತಂಪಾದ ಕೆಂಪು ನೀರು. ನಡುವೆ ನಿಂತು, ಈಗ ಬೇರೆ ಯಾವುದೋ ಜಿಲ್ಲೆಯ ರಸ್ತೆ ಕೆಲಸದಲ್ಲಿರುವ ಅಕ್ಕನಿಗೆ ಫೋನು ಮಾಡಿದೆ.

“ಅಕ್ಕ, ಮೋರಿಯಾಗ ನೀರು ಬಂದಾವ.”

“ಎಷ್ಟು?”

“ಹಿಮ್ಮಡಿಮಟ.”

“ಹರಿಯಾಕತ್ತಾವೋ, ಸುಮ್ನ ನಿಂತಾವೋ?” ಇಷ್ಟು ವರ್ಷ ಅವಳೂ ಈ ನೀರಿಗೆ ಕಾದಿದ್ದಳೆಂದು ನನಗೆ ಹೊಳೆದದ್ದು ಆಗಲೇ.

ಒಂದು ಹುಲ್ಲುಕಡ್ಡಿಯನ್ನು ನೀರಿಗೆ ಬಿಟ್ಟು ನೋಡಿದೆ. ಅದು ನನ್ನ ಹೆಬ್ಬೆರಳಿನ ಪಕ್ಕದಲ್ಲಿ ಅಲುಗದೆ ನಿಂತಿತು.

“ಹರಿಯಾಕತ್ತಾವ ಅಕ್ಕ,” ಎಂದೆ.