ಇಬ್ಬರ ಕಂಬಳಿ ಚೀಲ

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನಾಗ ತ್ಯಾಮಗೊಂಡ್ಲು ಶಾಲೆಯಲ್ಲಿ ಆಟದ ಟೀಚರು. ಬಾಡಿಗೆಯ ಕೋಣೆಯಲ್ಲಿ ಒಬ್ಬಳೇ ಇದ್ದೆ. ಹಾಸ್ಟೆಲಿನ ಗಂಟೆಗೆ ಎದ್ದು ಮಲಗಿ ಬೆಳೆದವಳು. ಹಿಮಾಲಯದ ಚಾರಣಕ್ಕೆ ಇನ್ನೂ ಎಷ್ಟೋ ದಿನವಿರುವಾಗಲೇ ಸಾಮಾನೆಲ್ಲ ಚಾಪೆಯ ಮೇಲೆ ಸಾಲಾಗಿ ಇಟ್ಟಿದ್ದೆ. ಸ್ವೆಟರು, ಉಣ್ಣೆಯ ಕಾಲುಚೀಲ, ಮಫ್ಲರು, ಹುರಿಹಿಟ್ಟಿನ ಡಬ್ಬಿ. ಬೆನ್ನುಚೀಲದಲ್ಲಿ ಭಾರದ್ದು ಬೆನ್ನಿಗೆ ಒತ್ತಿದಂತಿರಬೇಕು, ಮಳೆಗೆ ಹೊದೆಯುವ ಪ್ಲಾಸ್ಟಿಕ್ಕು ಎಲ್ಲಕ್ಕಿಂತ ಮೇಲಿರಬೇಕು.

ಜೊತೆಗೆ ಹೊರಟಿದ್ದವಳು ನಮ್ಮ ಶಾಲೆಯ ಹಿಂದಿ ಟೀಚರು, ಆ ಊರಿನಲ್ಲಿ ನನಗಿದ್ದ ಒಬ್ಬಳೇ ಗೆಳತಿ. ಬೆಂಗಳೂರಿನ ತಂಡವೊಂದಕ್ಕೆ ಇಬ್ಬರೂ ಹೆಸರು ಕೊಟ್ಟಿದ್ದೆವು. ಭಾನುವಾರಗಳಲ್ಲಿ ಬೆನ್ನಿಗೆ ಇಟ್ಟಿಗೆ ಹೊತ್ತು ಶಿವಗಂಗೆ ಹತ್ತಿದ್ದೆವು. ಮಲಗುವ ಚೀಲ ಕೊಳ್ಳುವುದು ನಮ್ಮ ಸಂಬಳಕ್ಕೆ ಆಗದ ಮಾತು. ತಲಾ ಒಂದು ಕಂಬಳಿ ತಂದು, ಗೋಣಿ ಹೊಲಿಯುವ ದಬ್ಬಳದಲ್ಲಿ ಮೂರು ಅಂಚೂ ಹೊಲಿದು, ಇಬ್ಬರೂ ತೂರಿ ಮಲಗುವಂಥ ಚೀಲ ಮಾಡಿದೆವು. ಅದನ್ನು ಹೊರುವವಳು ನಾನು. ಸ್ಟವ್ವು, ಪಾತ್ರೆ ಅವಳ ಪಾಲು.

ಹೊರಡುವ ಮುಂಚಿನ ಶನಿವಾರ ಮಧ್ಯಾಹ್ನ ಅವಳು ಸ್ಟವ್ವು ಪಾತ್ರೆ ಹಿಡಿದುಕೊಂಡು ಬಂದಳು.

"ಬೈಬೇಡ ಕಣೇ. ನಾನು ಬರ್ತಿಲ್ಲ. ಮದುವೆ ಗೊತ್ತಾಯ್ತು."

"ಗಂಡಿನ ಕಡೆಯೋರು ಬೇಡ ಅಂದ್ರಾ?"

"ಅವರಿಗೆ ಹೇಳೇ ಇಲ್ಲ. ನಂಗೇ ಹೋಗ್ಬೇಕು ಅನ್ನಿಸ್ತಿಲ್ಲ. ಸೀರೆ ತಗೊಳ್ಳೋಕೆ ದೊಡ್ಡಬಳ್ಳಾಪುರಕ್ಕೆ ಹೋಗ್ಬೇಕಂತೆ."

ಅವಳ ಮುಖ ಅರಳಿತ್ತು. ಅವರು ಬೇಡವೆಂದಿದ್ದರೆ ಅವರ ಮೇಲಾದರೂ ಸಿಟ್ಟು ಮಾಡಿಕೊಳ್ಳಬಹುದಿತ್ತು.

"ನೀನು ಹೋಗ್ತೀಯ ತಾನೇ?"

ನನಗೇ ಗೊತ್ತಿರಲಿಲ್ಲ. "ಮೊದಲು ಇದನ್ನ ಬಿಚ್ಚೋಣ" ಅಂದು ಬ್ಲೇಡು ತಂದೆ.

ಅವಳು ಒಂದು ತುದಿ ಹಿಡಿದಳು, ನಾನು ಇನ್ನೊಂದು. ಹುಣಸೆಬೀಜದ ಗಂಜಿ ಕುಡಿದು ಬಿರುಸಾದ ಹೊಸ ಕಂಬಳಿ; ದಾರ ಬಿಟ್ಟುಕೊಡುತ್ತಿರಲಿಲ್ಲ.

"ಏನೇ ಇದು, ಇಷ್ಟು ಒತ್ತಾಗಿ ಹೊಲ್ದಿದ್ದೀಯ! ಆನೆ ಮಲಗಿಸೋಕಾ?"

"ನಿನ್ನ ಗೊರಕೆ ಆಚೆ ಹೋಗ್ಬಾರ್ದು ಅಂತ."

"ಪಾಪ, ಇನ್ನು ಅವರ ಪಾಡು!" ಎಂದು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ.

ಬಿಚ್ಚಿದ ಮೇಲೆ ತನ್ನ ಕಂಬಳಿಯನ್ನು ಕೊಡವಿ ಮಡಿಸಿ ನನ್ನ ಕಡೆಗೇ ನೂಕಿದಳು. "ಇಟ್ಕೋ. ಅಲ್ಲಿ ಚಳಿ ಜಾಸ್ತಿ."

"ಎರಡು ಹೊತ್ಕೊಂಡು ಬೆಟ್ಟ ಹತ್ತೋಕಾಗಲ್ಲ. ತಗೊಂಡ್ಹೋಗು."

ಹೋಗುವುದು ಖಂಡಿತವೆಂದು ನನಗೆ ತಿಳಿದದ್ದೇ ಆ ಮಾತು ಬಾಯಿಂದ ಬಂದ ಮೇಲೆ.

ಅವಳು ಹೋದ ನಂತರ ನನ್ನ ಕಂಬಳಿಯನ್ನು ಉದ್ದಕ್ಕೆ ಮಡಿಸಿ ಮತ್ತೆ ಹೊಲಿದೆ. ಬಾಗಿಲು ಹಾಕಿಕೊಂಡು ಒಳಗೆ ತೂರಿ ನೋಡಿದೆ. ಹೊರಳಲು ಜಾಗವಿರಲಿಲ್ಲ, ಬೆಚ್ಚಗಂತೂ ಇತ್ತು. ಬಳಿಕ ಬೆನ್ನುಚೀಲಕ್ಕೆ ತುಂಬಿದ್ದ ಎಲ್ಲವನ್ನೂ ಹೊರಗೆ ತೆಗೆದು ಮೊದಲಿನಿಂದ ತುಂಬಿದೆ. ಅವಳ ಕಂಬಳಿ ಹೋಗಿ ಖಾಲಿಯಾದ ಕಡೆ ಸ್ಟವ್ವು ಸರಿಯಾಗಿ ಕೂತಿತು.

ಸೋಮವಾರ ಎಂಟರ ಬಸ್ಸಿನ ಹತ್ತಿರ ಬರ್ತೀನಿ, ಕಳಿಸಿಕೊಡ್ತೀನಿ ಎಂದು ಅವಳು ಹೇಳಿ ಹೋಗಿದ್ದಳು. ನಾನು ಅದಕ್ಕೂ ಮುಂಚಿನ ಬಸ್ಸಿಗೆ ನೆಲಮಂಗಲಕ್ಕೆ ಹೊರಟುಬಿಟ್ಟೆ.