ಎಡಚಿಯ ಕತ್ತರಿ

ಬೀದಿಯವರೆಲ್ಲ ಅವಳನ್ನು ಎಡಚಿ ಎಂದೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಹೋದ ತಿಂಗಳು ಅವಳು ತೀರಿಕೊಂಡಾಗ ಎಲ್ಲರ ಬಾಯಲ್ಲೂ ಬಂದದ್ದು ಕತ್ತರಿ ಕಳುವಾದ ಕತೆ. ಹೇಳುವವರೆಲ್ಲ ಅದಕ್ಕೆ ಉಪ್ಪುಖಾರ ಹಚ್ಚುತ್ತಾರೆ. ನಡೆದದ್ದು ಇಷ್ಟು.

ಅವಳ ಅಪ್ಪನೂ ದರ್ಜಿಯೇ. ಮಗಳು ಎಡಗೈಯಲ್ಲಿ ಕತ್ತರಿ ಹಿಡಿದಾಗಲೆಲ್ಲ ಅಳತೆಗೋಲಿನಿಂದ ಗೆಣ್ಣಿಗೆ ಹೊಡೆಯುತ್ತಿದ್ದ. ಹೊಡೆದು ಹೊಡೆದು ಸೋತು, ಕೊನೆಗೊಮ್ಮೆ ಕಮ್ಮಾರನ ಕುಲುಮೆಯ ಮುಂದೆ ತಾನೇ ಕೂತು, ಅಲಗುಗಳನ್ನು ತಿರುವುಮುರುವಾಗಿ ಜೋಡಿಸಿದ ಕತ್ತರಿಯೊಂದನ್ನು ಮಾಡಿಸಿ ತಂದ. "ತಗೋ, ಇನ್ನು ನಿಂಗೆ ನೆಪ ಇಲ್ಲ" ಎಂದಷ್ಟೇ ಅಂದ. ಅಪ್ಪ ಹೋದ, ಆ ಕಮ್ಮಾರನೂ ಹೋದ. ಅಂಥ ಇನ್ನೊಂದನ್ನು ಮಾಡಿಕೊಡುವವರು ಯಾರೂ ಉಳಿಯಲಿಲ್ಲ.

ಒಂದು ಮಧ್ಯಾಹ್ನ ಕೈ ತೊಳೆಯಲು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಅಂಗಡಿಯ ಮೇಜಿನ ಮೇಲಿದ್ದ ಕತ್ತರಿ ಮಾಯ. ಗುಂಡಿ ತರಲು ಹೋಗಿದ್ದ ತಮ್ಮ ಬಂದು ತಲೆ ಕೆರೆದುಕೊಂಡ.

"ಹೋಗ್ಲಿ ಬಿಡಕ್ಕ, ಹೊಸದು ತಂದ್ಕೊಡ್ತೀನಿ."

"ಹೊಸ ಕೈನೂ ತಂದ್ಕೊಡ್ತೀಯಾ?"

"ಮತ್ತೇನ್ ಮಾಡ್ತೀಯ? ಪೊಲೀಸ್ನೋರಿಗೆ ಹೇಳಿದ್ರೆ ನಗ್ತಾರೆ."

ಅವಳು ಸ್ಟೂಲಿನ ಮೇಲೆ ಕೂತು ಯೋಚಿಸಿದಳು. ಕದ್ದವನು ಮಾರುತ್ತಾನೆ. ಕೊಂಡವನು ಬಲಗೈಯವನೇ ಆಗಿರುತ್ತಾನೆ. ಬಲಗೈಯಲ್ಲಿ ಆ ಅಲಗುಗಳು ಒಂದಕ್ಕೊಂದು ಒತ್ತುವುದಿಲ್ಲ, ಬಾಯಿ ಬಿಟ್ಟುಕೊಂಡು ಬಟ್ಟೆಯನ್ನು ಮಡಚಿ ನುಂಗುತ್ತವೆ. ಮೊಂಡಾಗಿದೆ ಎಂದುಕೊಂಡು ಸಾಣೆಗೆ ಒಯ್ಯುತ್ತಾನೆ. ಸಾಣೆಯವನು ಮಾಮೂಲಿ ಕತ್ತರಿಯೆಂದೇ ಉಜ್ಜಿದರೆ, ಅಪ್ಪ ಕೂತು ಮಾಡಿಸಿದ ಅಂಚು ಅಲ್ಲಿಗೆ ಮುಗಿಯಿತು.

"ಕಳ್ಳನ್ನ ಹುಡುಕಲ್ಲ. ಸಾಣೆಕಲ್ಲು ಹುಡುಕ್ತೀನಿ," ಎಂದು ಚಪ್ಪಲಿ ಮೆಟ್ಟಿದಳು.

ಊರಿನ ಸಾಣೆಯವರನ್ನೆಲ್ಲ ಕಂಡಳು. "ಯಾರಾದ್ರೂ ಚೂಪಾಗಿರೋ ಕತ್ತರಿ ತಂದು ಮೊಂಡು ಅಂದ್ರೆ, ಕಲ್ಲಿಗೆ ಮುಟ್ಟಿಸ್ಬೇಡಿ" ಎಂದು ಒಬ್ಬೊಬ್ಬರಿಗೂ ಹೇಳಿದಳು. ಮರುದಿನ ಮತ್ತೆ ಹೋಗಿ ಕೇಳಿದಳು. ಅದರ ಮರುದಿನವೂ. ಬಸ್ ನಿಲ್ದಾಣದ ಬಳಿಯ ಸಾಣೆ ಮುದುಕ ಅವಳನ್ನು ಕಂಡೊಡನೆ ಕೈ ಮುಗಿಯತೊಡಗಿದ.

"ತಾಯಿ, ನನ್ನ ಹೆಂಡ್ತಿನೂ ಇಷ್ಟು ಸಲ ನನ್ನ ವಿಚಾರಿಸ್ಕೊಂಡಿಲ್ಲ."

"ಅವರ ಪಾಲಿಂದೂ ನಾನೇ ವಿಚಾರಿಸ್ತೀನಿ ಬಿಡಿ."

ಆಮೇಲೆ ಅವಳು ಓಡಾಟವನ್ನೇ ಬಿಟ್ಟಳು. ಕದ್ದ ಮಾಲು ಬಿಕರಿಯಾಗುವ ಹಳೇ ಸಾಮಾನಿನ ಸಂತೆಗೆ ಹತ್ತಿರವಿದ್ದದ್ದು ಆ ಮುದುಕನ ಕಲ್ಲೇ. ಪಕ್ಕದಲ್ಲೇ ಕೂತು, ಕಾಜಾ ಹೊಲಿಯುತ್ತ ಕಾದಳು.

ಹಾಗೆ ಕೂತಿರುವಾಗಲೇ ಸೋಫಾ ರಿಪೇರಿಯವನೊಬ್ಬ ಬಂದು ಕಾಗದದ ಪೊಟ್ಟಣ ಬಿಚ್ಚಿದ. "ಸಂತೇಲಿ ಕೊಂಡೆ ಅಜ್ಜ. ನೋಡೋಕೆ ರಾಜ, ಕೆಲಸಕ್ಕೆ ಸೋಮಾರಿ. ಚೆನ್ನಾಗಿ ಉಜ್ಜಿ."

ಅಷ್ಟೆಲ್ಲ ಹೇಳಿಸಿಕೊಂಡಿದ್ದರೂ ಮುದುಕನ ಕಾಲು ಅಭ್ಯಾಸದಂತೆ ಪೆಡಲು ತುಳಿದೇಬಿಟ್ಟಿತು. ಕಲ್ಲು ತಿರುಗಿತು. ಎಡಚಿ ಕಲ್ಲಿಗೂ ಅಲಗಿಗೂ ನಡುವೆ ಬಲಗೈ ಅಡ್ಡ ಹಾಕಿದಳು. ಬೆರಳ ತುದಿ ಕಿತ್ತುಹೋಯಿತು.

"ಅಯ್ಯೋ, ಕೈ ಹೋಯ್ತಲ್ಲಮ್ಮ!" ಮುದುಕ ಪೆಡಲಿನಿಂದ ಕಾಲು ಕಿತ್ತ.

"ಇದು ಹೋದ್ರೆ ಹೋಗ್ಲಿ, ಸುಮ್ನೆ ಕೂತು ತಿನ್ನೋ ಕೈ." ಅವಳು ಸೋಫಾದವನ ಕಡೆ ತಿರುಗಿದಳು. "ಕತ್ತರಿ ನಂದು."

"ಹೆಸರು ಬರ್ದಿದೆಯಾ? ದುಡ್ಡು ಕೊಟ್ಟು ತಗೊಂಡಿದ್ದೀನಿ ನಾನು."

ಅವಳು ಚೀಲದಿಂದ ತುಂಡು ಬಟ್ಟೆ ತೆಗೆದು ಕೊಟ್ಟಳು. "ಕತ್ತರಿಸಿ, ನೋಡೋಣ."

ಅವನ ಕೈಯಲ್ಲಿ ಬಟ್ಟೆ ಮುದುಡಿ ಸಿಕ್ಕಿಕೊಂಡಿತು. ಅವಳು ಬೆರಳಿಗೆ ಚಿಂದಿ ಸುತ್ತಿಕೊಂಡು, ಕತ್ತರಿಯನ್ನು ಎಡಗೈಗೆ ತೆಗೆದುಕೊಂಡಳು. ಬಟ್ಟೆ ಸರ್ರನೆ ಎರಡಾಯಿತು.

ಸೋಫಾದವನು ಎರಡು ತುಂಡುಗಳನ್ನೂ ಎತ್ತಿ ನೋಡಿದ. "ನಿಮ್ದೇ ಬಿಡಿ. ಆದ್ರೆ ನನ್ನ ಗತಿ?"

"ನಿಮ್ಮ ಬಟ್ಟೆನೆಲ್ಲ ತನ್ನಿ, ಕತ್ತರಿಸಿಕೊಡ್ತೀನಿ. ನೀವು ಸಾಕು ಅನ್ನೋವರೆಗೂ."

ಆಡಿದ ಮಾತಿಗೆ ಅವಳು ತಪ್ಪಲಿಲ್ಲ. ಅವನು ವರ್ಷಗಟ್ಟಲೆ ದಪ್ಪ ದಪ್ಪ ಬಟ್ಟೆ ಹೊತ್ತು ತಂದ, ಅವಳು ಬೈದುಕೊಂಡೇ ಕತ್ತರಿಸಿಕೊಟ್ಟಳು. ಹೋದ ತಿಂಗಳು ಅವಳನ್ನು ಮಲಗಿಸಿದ್ದ ಕೋಣೆಯ ಬಾಗಿಲಲ್ಲಿ ಅವನು ಬಹಳ ಹೊತ್ತು ನಿಂತಿದ್ದ. ಒಳಗೆ ಬಾ ಎಂದರೆ ಬರಲಿಲ್ಲ.

"ಸಾಕು ಅಂತ ನಾನಿನ್ನೂ ಹೇಳಿರ್ಲಿಲ್ಲ," ಎಂದ.